ತಂಬಾಕಿನ ಚಟ ಬಿಡಿಸುವ ರಾಜ್ಯವ್ಯಾಪಿ ಯೋಜನೆಗಳು

ಬೆಳೆಗೆ ಸಸ್ಯಹೇನು ಬಿದ್ದಾಗ ತಂಬಾಕಿನ ಕಷಾಯ ಸಿಂಪಡಿಸುವ ಪದ್ಧತಿ ನಮ್ಮ ರೈತರಿಗೆ ಹೊಸದಲ್ಲ. ಅರ್ಧ ಕಿಲೋ ತಂಬಾಕಿನ ಪುಡಿಯನ್ನು ನಾಲ್ಕೂವರೆ ಲೀಟರ್ ನೀರಿನಲ್ಲಿ ಒಂದು ದಿನ ನೆನೆಹಾಕಿ, ಸೋಸಿ, ಬಾರ್ ಸೋಪಿನ ದ್ರಾವಣ ಬೆರೆಸಿ, ಆರೇಳು ಪಟ್ಟು ನೀರು ಸೇರಿಸಿ ಸಿಂಪಡಿಸಿದರೆ ಮೃದು ದೇಹದ ಕೀಟಗಳು ಸಾಯುತ್ತವೆ. ಕೀಟವನ್ನು ಕೊಲ್ಲುವ ವಸ್ತುವಿನ ಹೆಸರು ನಿಕೋಟಿನ್. ಬೀಡಿ, ಸಿಗರೇಟು, ಹೊಗೆಸೊಪ್ಪು, ಕಡ್ಡಿಪುಡಿ, ನಶ್ಯ, ಗುಟ್ಕಾ ಎಲ್ಲದರಲ್ಲಿಯೂ ಇರುವುದು ಇದೇ ನಿಕೋಟಿನ್. ಮನುಷ್ಯನಲ್ಲಿ ಅದರ ಮುಖ್ಯ ಕೆಲಸ ಬೇರೆ. ಅದು ಅವನನ್ನು ಕಟ್ಟಿಹಾಕುತ್ತದೆ. ಕ್ಯಾನ್ಸರ್ ತರುವುದು ಹೆಚ್ಚಾಗಿ ಹೊಗೆಯಲ್ಲಿರುವ ಟಾರು ಮತ್ತು ಎಲೆಯಲ್ಲಿರುವ ಇತರ ರಾಸಾಯನಿಕಗಳು; ಅವುಗಳ ಬಳಿಗೆ ಮನುಷ್ಯನನ್ನು ದಿನಕ್ಕೆ ಹತ್ತಿಪ್ಪತ್ತು ಬಾರಿ ಎಳೆದು ತರುವುದು ನಿಕೋಟಿನ್. ಈ ವ್ಯತ್ಯಾಸವನ್ನು ತಿಳಿದರೆ ಮುಂದೆ ಹೇಳುವ ಚಿಕಿತ್ಸೆಯ ಮರ್ಮ ತಿಳಿಯುತ್ತದೆ.

2016-17ರಲ್ಲಿ ದೇಶಾದ್ಯಂತ ನಡೆದ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ಮೇಲ್ಪಟ್ಟವರ ಪೈಕಿ ನೂರಕ್ಕೆ 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು. ಸೇದುವವರು ನೂರಕ್ಕೆ 8.8, ಜಗಿಯುವ, ಮೂಸುವ, ಹಲ್ಲಿಗೆ ಉಜ್ಜುವವರು 16.3. ಎರಡನ್ನೂ ಮಾಡುವವರು ಎರಡು ಲೆಕ್ಕದಲ್ಲಿಯೂ ಸೇರಿದ್ದಾರೆ. ಎಂದರೆ ನಮ್ಮಲ್ಲಿ ಬೀಡಿ ಸಿಗರೇಟಿಗಿಂತ ಜಗಿಯುವ ಚಟವೇ ದೊಡ್ಡದು. ಅದೇ ಸಮೀಕ್ಷೆಯಲ್ಲಿ ದೇಶದ ಧೂಮಪಾನಿಗಳ ಪೈಕಿ ನೂರಕ್ಕೆ 55 ಮಂದಿ ಬಿಡುವ ಯೋಚನೆಯಲ್ಲಿದ್ದೇವೆ ಎಂದರು. ಜಗಿಯುವವರಲ್ಲಿಯೂ ಅರ್ಧದಷ್ಟು ಮಂದಿ ಹಾಗೆಯೇ ಹೇಳಿದರು. ಆದುದರಿಂದ ಬಿಡುವ ಮನಸ್ಸಿಲ್ಲ ಎಂಬ ದೂರು ಪೂರ್ತಿ ನಿಜವಲ್ಲ. ಮನಸ್ಸಿದ್ದರೂ ಯಾವ ನೆರವೂ ಇಲ್ಲದೆ ಒಬ್ಬರೇ ಬಿಡಲು ಹೊರಟವರಲ್ಲಿ ವರ್ಷದ ಕೊನೆಯವರೆಗೆ ನಿಲ್ಲುವವರು ನೂರಕ್ಕೆ 3ರಿಂದ 5 ಮಂದಿ ಮಾತ್ರ ಎಂದು ಹಲವು ಅಧ್ಯಯನಗಳು ತೋರಿಸಿವೆ. ಉಳಿದವರು ಹಬ್ಬಕ್ಕೆ ಬಿಟ್ಟು ಜಾತ್ರೆಗೆ ಮತ್ತೆ ಹಿಡಿದವರು.

ಬಿಡುವುದು ಕಷ್ಟವೇಕೆ?

ಬೀಡಿಯ ಹೊಗೆಯನ್ನು ಒಳಗೆಳೆದ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ನಿಕೋಟಿನ್ ಮಿದುಳನ್ನು ಮುಟ್ಟುತ್ತದೆ. ಹೊಗೆಸೊಪ್ಪು ಜಗಿದಾಗ ಅದು ನಿಧಾನವಾಗಿ ಏರಿದರೂ ಬಹಳ ಹೊತ್ತು ರಕ್ತದಲ್ಲಿ ನಿಲ್ಲುತ್ತದೆ. ಹೊಗೆಸೊಪ್ಪಿಗೆ ಸುಣ್ಣ ತಿಕ್ಕುವ ಅಭ್ಯಾಸಕ್ಕೂ ಕಾರಣವಿದೆ. ಸುಣ್ಣದ ಕ್ಷಾರಗುಣದಿಂದ ನಿಕೋಟಿನ್ ಬಿಡುಗಡೆಯಾಗಿ ಬಾಯಿಯ ಒಳಪದರದ ಮೂಲಕ ಬೇಗ ಒಳಸೇರುತ್ತದೆ. ಹಿರಿಯರು ರುಚಿಗೆಂದು ಹಾಕಿದ ಸುಣ್ಣ ವಾಸ್ತವದಲ್ಲಿ ಚಟಕ್ಕೆ ಗೊಬ್ಬರ.

ಇದಕ್ಕೆ ಒಗ್ಗಿದ ಮಿದುಳಿಗೆ ನಿಕೋಟಿನ್ ತಪ್ಪಿದಾಗ ಸಿಡುಕು, ತಲೆನೋವು, ನಿದ್ದೆಗೇಡು, ಮಂಕು, ಅತಿ ಹಸಿವು, ಮಲಬದ್ಧತೆ ಕಾಣಿಸಿಕೊಳ್ಳುತ್ತವೆ. ಈ ತೊಂದರೆಗಳು ಎರಡನೆಯ ಮೂರನೆಯ ದಿನ ಶಿಖರ ಮುಟ್ಟಿ, ಎರಡರಿಂದ ನಾಲ್ಕು ವಾರಗಳಲ್ಲಿ ಇಳಿಯುತ್ತವೆ. ಒಮ್ಮೊಮ್ಮೆ ಏಳುವ ಆಸೆಯ ಅಲೆ ಕೆಲವೇ ನಿಮಿಷಗಳದು. ಬಿಟ್ಟವರಲ್ಲಿ ಹೆಚ್ಚಿನವರು ಮತ್ತೆ ಹಿಡಿಯುವುದು ಮೊದಲ ಒಂದು ವಾರದಲ್ಲಿ. ನಾಟಿ ಮಾಡಿದ ಸಸಿ ಬೇರು ಹಿಡಿಯುವ ಮೊದಲೇ ಬಾಡುವಂತೆ, ಸಂಕಲ್ಪ ಬೇರೂರುವ ಮೊದಲೇ ಸೋಲುತ್ತದೆ. ನೆರವು ಬೇಕಾದದ್ದು ಆ ವಾರದಲ್ಲಿ. ನಮ್ಮಲ್ಲಿ ಬಹುಕಾಲ ನಡೆದದ್ದು ಬಿಡಿರೆಂಬ ಭಾಷಣ ಮತ್ತು ಗೋಡೆ ಬರಹ. ಅವೆರಡೂ ಬಿಡುವ ಮೊದಲಿನ ಮಾತು. ಬಿಟ್ಟ ಮೇಲಿನ ಮೂರನೆಯ ದಿನದ ವಿಚಾರ ಅಲ್ಲಿ ಇರಲಿಲ್ಲ.

ಕ್ಯಾಲಿಫೋರ್ನಿಯಾದ ದೂರವಾಣಿ

ಒಂದು ಇಡೀ ರಾಜ್ಯಕ್ಕೆ ಈ ನೆರವನ್ನು ಒದಗಿಸುವ ಕೆಲಸ ಮೊದಲು ವ್ಯವಸ್ಥಿತವಾಗಿ ನಡೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. 1988ರ ನವೆಂಬರ್‌ನಲ್ಲಿ ಅಲ್ಲಿನ ಮತದಾರರು ಸಿಗರೇಟಿನ ಪ್ರತಿ ಪ್ಯಾಕಿಗೆ 25 ಸೆಂಟ್ ಹೆಚ್ಚಿನ ತೆರಿಗೆಯನ್ನು ಒಪ್ಪಿ ಮತ ಹಾಕಿದರು. 1989ರ ಜನವರಿಯಿಂದ ಅದು ಜಾರಿಗೆ ಬಂದಿತು. ಹೀಗೆ ಬಂದ ಹಣದ ಐದನೆಯ ಒಂದು ಪಾಲನ್ನು ತಂಬಾಕಿನ ವಿರುದ್ಧ ಆರೋಗ್ಯ ಶಿಕ್ಷಣಕ್ಕೆಂದೇ ಎತ್ತಿಡಬೇಕೆಂದು ಗೊತ್ತುಮಾಡಲಾಯಿತು. ಸೇದುವವನ ಜೇಬಿನಿಂದ ಬಂದ ಹಣ ಅವನನ್ನು ಬಿಡಿಸುವ ಕೆಲಸಕ್ಕೆ ಹಿಂದಿರುಗಿತು.

ಅದೇ ಹಣದಿಂದ 1992ರಲ್ಲಿ ಸ್ಯಾನ್ ಡಿಯಾಗೊ ನಗರದ ವಿಶ್ವವಿದ್ಯಾನಿಲಯದವರು ಇಡೀ ರಾಜ್ಯಕ್ಕೆ ಉಚಿತ ದೂರವಾಣಿ ಸಹಾಯ ಕೇಂದ್ರವನ್ನು ತೆರೆದರು. ತೆರೆಯುವ ಮುನ್ನ ಮೂರು ಸಾವಿರಕ್ಕೂ ಹೆಚ್ಚು ಧೂಮಪಾನಿಗಳನ್ನು ಮೂರು ಗುಂಪು ಮಾಡಿ ಪರೀಕ್ಷಿಸಿದ್ದರು; ಕೃಷಿ ಸಂಶೋಧನಾ ಕೇಂದ್ರದಲ್ಲಿ ತಾಕುಗಳನ್ನು ಮಾಡಿದಂತೆಯೇ ಸರಿ. ಒಂದು ಗುಂಪಿಗೆ ಪುಸ್ತಿಕೆ ಮಾತ್ರ. ಇನ್ನೊಂದಕ್ಕೆ ಪುಸ್ತಿಕೆಯೊಡನೆ ಒಂದು ಬಾರಿಯ ಸಲಹೆ. ಮೂರನೆಯದಕ್ಕೆ ಆರು ಬಾರಿಯವರೆಗೆ ಸಲಹೆ. ಒಂದು ವರ್ಷದ ನಂತರ ಪುಸ್ತಿಕೆ ಪಡೆದವರಲ್ಲಿ ನೂರಕ್ಕೆ ಸುಮಾರು 5 ಮಂದಿ, ಒಂದು ಬಾರಿ ಮಾತನಾಡಿದವರಲ್ಲಿ 7ರಿಂದ 8 ಮಂದಿ, ಹಲವು ಬಾರಿ ಮಾತನಾಡಿದವರಲ್ಲಿ ಸುಮಾರು 10 ಮಂದಿ ಬಿಟ್ಟೇ ಇದ್ದರು.

ನೂರಕ್ಕೆ 10 ಎಂದರೆ ಅಲ್ಪವೆನ್ನಿಸಬಹುದು. ಆದರೆ ಅದು ಪುಸ್ತಿಕೆಯ ಇಮ್ಮಡಿ. ಮತ್ತು ಒಂದು ರಾಜ್ಯದಲ್ಲಿ ಲಕ್ಷಾಂತರ ಜನರಿಗೆ ಅದನ್ನು ಅನ್ವಯಿಸಿದಾಗ ಉಳಿಯುವ ಜೀವಗಳ ಲೆಕ್ಕವೇ ಬೇರೆ. 2002ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ಪ್ರಯೋಗದ ಹೊರಗೆ ದಿನನಿತ್ಯ ನಡೆಯುವ ಕೇಂದ್ರದಲ್ಲಿಯೂ ದೂರವಾಣಿ ಸಲಹೆಯು ಬಿಡುವವರ ಪ್ರಮಾಣವನ್ನು ಸುಮಾರು ಇಮ್ಮಡಿಗೊಳಿಸುತ್ತದೆ ಎಂದು ದೃಢಪಡಿಸಿತು.

ಇಲ್ಲಿ ಎಲ್ಲಕ್ಕಿಂತ ಗಮನಿಸತಕ್ಕ ಅಂಶ ಕರೆಗಳ ವೇಳಾಪಟ್ಟಿ. ವಾರಕ್ಕೊಂದರಂತೆ ಸಮ ಅಂತರದಲ್ಲಿ ಕರೆ ಮಾಡುವುದನ್ನು ಅವರು ಕೈಬಿಟ್ಟರು. ಬಿಡುವ ಮುನ್ನ ಒಂದು ಕರೆ, ಬಿಟ್ಟ ಮಾರನೆಯ ದಿನ ಒಂದು, ನಂತರ 3ನೆಯ, 7ನೆಯ, 14ನೆಯ ಮತ್ತು 30ನೆಯ ದಿನ. ಬೀಳುವ ಅಪಾಯ ಎಲ್ಲಿ ದಟ್ಟವೋ ಅಲ್ಲಿ ಕರೆಯೂ ದಟ್ಟ. ಅಲ್ಲದೆ ಬಿಡುವವನೇ ಕರೆ ಮಾಡಲೆಂದು ಕಾಯುವುದಿಲ್ಲ. ಒಮ್ಮೆ ಹೆಸರು ಕೊಟ್ಟರೆ ಮುಂದೆ ಕೇಂದ್ರದವರೇ ಕರೆಯುತ್ತಾರೆ. ಸೋತವನು ಸಂಕೋಚದಿಂದ ತಾನಾಗಿ ಕರೆ ಮಾಡನು ಎಂಬುದು ಅನುಭವದ ಮಾತು. ಇಂಗ್ಲಿಷ್ ಬಾರದವರಿಗಾಗಿ ಸ್ಪ್ಯಾನಿಷ್, ಚೀನಿ, ಕೊರಿಯನ್, ವಿಯೆಟ್ನಾಮಿ ಭಾಷೆಗಳಲ್ಲಿಯೂ ಸಲಹೆ ಕೊಡಲಾಯಿತು. ಕ್ರಮೇಣ ಇತರ ರಾಜ್ಯಗಳೂ ಇದೇ ದಾರಿ ಹಿಡಿದವು. 2004ರಲ್ಲಿ ಅಮೆರಿಕದ ಎಲ್ಲ ರಾಜ್ಯಗಳ ಕೇಂದ್ರಗಳಿಗೆ ಒಂದೇ ಸಂಖ್ಯೆಯ ಮೂಲಕ ಸಂಪರ್ಕ ಕಲ್ಪಿಸಲಾಯಿತು.

ಕ್ಯಾಲಿಫೋರ್ನಿಯಾದಲ್ಲಿ 1988ರ ಸುಮಾರಿಗೆ ವಯಸ್ಕರ ಪೈಕಿ ನೂರಕ್ಕೆ 20ಕ್ಕೂ ಹೆಚ್ಚು ಮಂದಿ ಸೇದುತ್ತಿದ್ದರು. 2020ರ ವೇಳೆಗೆ ಅದು 10ರ ಆಸುಪಾಸಿಗೆ ಇಳಿದಿತ್ತು. ಇದೆಲ್ಲವೂ ದೂರವಾಣಿಯ ಫಲವೆಂದು ಹೇಳಲಾಗದು. ತೆರಿಗೆ, ಜಾಹೀರಾತು, ಕೆಲಸದ ಸ್ಥಳಗಳಲ್ಲಿ ಧೂಮಪಾನ ನಿಷೇಧ ಎಲ್ಲವೂ ಸೇರಿ ಆದ ಕೆಲಸವಿದು.

ಔಷಧದ ಖರ್ಚು

ಮ್ಯಾಸಚೂಸೆಟ್ಸ್ ರಾಜ್ಯದ ಅನುಭವ ಎರಡು ಪಾಠಗಳನ್ನು ಕಲಿಸುತ್ತದೆ. ಅಲ್ಲಿಯೂ 1992ರಲ್ಲಿ ಮತದಾರರು ತೆರಿಗೆಯನ್ನು ಒಪ್ಪಿ, ಮರುವರ್ಷ ಕಾರ್ಯಕ್ರಮ ಆರಂಭವಾಗಿ ಹೆಸರು ಮಾಡಿತು. ಆದರೆ 2002ರ ನಂತರ ಸರ್ಕಾರಕ್ಕೆ ಹಣದ ಮುಗ್ಗಟ್ಟು ಬಂದಾಗ ಅನುದಾನದ ಬಹುಪಾಲನ್ನು ಕಡಿದುಹಾಕಲಾಯಿತು. ಕಾಲುವೆ ತೋಡಿ ನೀರು ನಿಲ್ಲಿಸಿದಂತಾಯಿತು. ಎರಡನೆಯದು ಒಳ್ಳೆಯ ಸುದ್ದಿ. 2006ರಲ್ಲಿ ಬಡವರ ಸರ್ಕಾರಿ ಆರೋಗ್ಯ ವಿಮೆಯಲ್ಲಿ ತಂಬಾಕು ಬಿಡಿಸುವ ಔಷಧ ಮತ್ತು ಸಲಹೆಯನ್ನು ಸೇರಿಸಿದಾಗ, ಸುಮಾರು ಎರಡೂವರೆ ವರ್ಷಗಳಲ್ಲಿ ಆ ವಿಮೆದಾರರಲ್ಲಿ ಸೇದುವವರ ಪ್ರಮಾಣ ನೂರಕ್ಕೆ 38ರಿಂದ 28ಕ್ಕೆ ಇಳಿಯಿತು. ಸೌಲಭ್ಯ ಪಡೆದವರಲ್ಲಿ ಹೃದಯಾಘಾತವಾಗಿ ಆಸ್ಪತ್ರೆ ಸೇರುವವರೂ ಕಡಿಮೆಯಾದರು. ಬಡವನಿಗೆ ಬಿಡುವ ಮನಸ್ಸು ಕಡಿಮೆ ಎಂಬ ಊಹೆ ತಪ್ಪೆಂದು ಇದರಿಂದ ತಿಳಿಯಿತು. ಕಡಿಮೆ ಇದ್ದದ್ದು ಔಷಧಕ್ಕೆ ಬೇಕಾದ ಹಣ.

ತಂಬಾಕು ಬೆಳೆಯುವ ನಾಡಿನ ಸಮಸ್ಯೆ

ಹುಣಸೂರು, ಪಿರಿಯಾಪಟ್ಟಣ, ಅರಕಲಗೂಡು ಕಡೆಯ ರೈತರು ಇದನ್ನೆಲ್ಲ ಓದಿ, ಬೆಳೆಯುವವರಿಗೇ ಬಿಡು ಎನ್ನುವುದು ಯಾವ ನ್ಯಾಯ ಎಂದು ಕೇಳಿದರೆ ತಪ್ಪಿಲ್ಲ. ಅಮೆರಿಕದ ಕೆಂಟಕಿ ರಾಜ್ಯಕ್ಕೂ ಇದೇ ಇಕ್ಕಟ್ಟು. ಅದು ತಂಬಾಕಿನ ನಾಡು, ಸೇದುವವರ ಪ್ರಮಾಣದಲ್ಲಿಯೂ ಬಹುಕಾಲ ಮುಂದಿನ ಸಾಲಿನಲ್ಲಿದ್ದ ರಾಜ್ಯ. 1998ರಲ್ಲಿ ದೊಡ್ಡ ಸಿಗರೇಟು ಕಂಪನಿಗಳು 46 ರಾಜ್ಯಗಳಿಗೆ ವರ್ಷವರ್ಷವೂ ಪರಿಹಾರದ ಹಣ ಕೊಡಲು ಒಪ್ಪಿಕೊಂಡವು. ಕೆಂಟಕಿಯ ಶಾಸನ ಸಭೆ 2000ದಲ್ಲಿ ತನ್ನ ಪಾಲಿನ ಅರ್ಧವನ್ನು ಕೃಷಿಗೆ ಮೀಸಲಿಟ್ಟಿತು. ದನಗಳ ತಳಿ ಸುಧಾರಣೆ, ಮೇವು, ತರಕಾರಿ ಮುಂತಾದವುಗಳಿಗೆ ರೈತರು ಅದರಿಂದ ನೆರವು ಪಡೆದರು. ಸೇದುವವನನ್ನು ಬಿಡಿಸುವ ಕೆಲಸ ಮತ್ತು ಬೆಳೆಯುವವನಿಗೆ ಬೇರೆ ದಾರಿ ತೋರುವ ಕೆಲಸ ಜೊತೆಯಾಗಿ ಸಾಗಬಹುದೆಂಬುದಕ್ಕೆ ಇದೊಂದು ಉದಾಹರಣೆ.

ಬೆಳೆ ಬದಲಾಯಿಸುವ ಪ್ರಶ್ನೆ ದೊಡ್ಡದು, ಅದು ಬೇರೆಯೇ ಲೇಖನದ ವಿಷಯ. ಆದರೆ ಬೆಳೆಗಾರನು ತಾನು ಚಟ ಬಿಡಲು ಅದಕ್ಕಾಗಿ ಕಾಯಬೇಕಾಗಿಲ್ಲ. ಮೈಸೂರು ಭಾಗದ ಸೊಪ್ಪಿನ ಹೆಚ್ಚಿನ ಪಾಲು ಸಿಗರೇಟಿಗಾಗಿ ಹೊರದೇಶಗಳಿಗೆ ಹೋಗುತ್ತದೆ. ರೈತನು ಸೇದುವ ಬೀಡಿ ಅವನ ಹೊಲದ ಸೊಪ್ಪಿನದೂ ಅಲ್ಲ. ಬೀಡಿಯ ತಂಬಾಕು ನಿಪ್ಪಾಣಿ ಮತ್ತು ಗುಜರಾತಿನ ಕಡೆಯದು. ಅವನು ಬೀಡಿ ಬಿಟ್ಟರೆ ಹರಾಜು ಕಟ್ಟೆಯಲ್ಲಿ ಬೆಲೆ ಒಂದು ಪೈಸೆಯೂ ಇಳಿಯುವುದಿಲ್ಲ.

ಬೆಳೆಗಾರರ ಕುಟುಂಬಗಳು ಇನ್ನೊಂದನ್ನೂ ತಿಳಿದಿರಬೇಕು. ಮಳೆ ಅಥವಾ ಇಬ್ಬನಿಯಿಂದ ಒದ್ದೆಯಾದ ಸೊಪ್ಪನ್ನು ಮುರಿಯುವಾಗ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕ ಮೈಸೇರುತ್ತದೆ. ವಾಂತಿ, ತಲೆಸುತ್ತು, ಸುಸ್ತು ಬರುತ್ತವೆ. ಇದನ್ನು ಬಿಸಿಲಿನ ಬಾಧೆಯೆಂದೋ ಔಷಧಿ ಸಿಂಪಡಿಸಿದ್ದರಿಂದಾದದ್ದೆಂದೋ ತಿಳಿದು ಸುಮ್ಮನಾಗುವುದುಂಟು. ತಂಬಾಕಿನ ಅಭ್ಯಾಸವಿಲ್ಲದ ಹೆಂಗಸರಿಗೂ ಮಕ್ಕಳಿಗೂ ಇದರ ಬಾಧೆ ಹೆಚ್ಚು. ಸೊಪ್ಪು ಒಣಗಿದ ಮೇಲೆ ಮುರಿಯುವುದು, ಕೈಗವಸು ಮತ್ತು ತುಂಬುತೋಳಿನ ಬಟ್ಟೆ ಹಾಕುವುದು, ಒದ್ದೆಯಾದ ಬಟ್ಟೆಯನ್ನು ಕೂಡಲೇ ಬದಲಿಸಿ ಸೋಪಿನಿಂದ ಮೈ ತೊಳೆಯುವುದು ಅವಶ್ಯ. ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಲೇಬಾರದು.

ನಮ್ಮ ರಾಜ್ಯದಲ್ಲಿ ದೊರೆಯುವ ನೆರವು

ಭಾರತ ಸರ್ಕಾರ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ 2002ರಲ್ಲಿ ದೇಶದ 13 ಕಡೆಗಳಲ್ಲಿ ತಂಬಾಕು ಬಿಡಿಸುವ ಚಿಕಿತ್ಸಾಲಯಗಳನ್ನು ತೆರೆದವು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅವುಗಳಲ್ಲಿ ಸೇರಿತ್ತು. 2007-08ರಲ್ಲಿ ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, ಕ್ರಮೇಣ ಜಿಲ್ಲೆಗಳಲ್ಲಿ ತಂಬಾಕು ನಿಯಂತ್ರಣ ಘಟಕಗಳೂ, ಜಿಲ್ಲಾ ಆಸ್ಪತ್ರೆಗಳಲ್ಲಿ ವ್ಯಸನಮುಕ್ತಿ ಕೇಂದ್ರಗಳೂ ಬಂದವು. ಅಲ್ಲಿ ಆಪ್ತ ಸಮಾಲೋಚಕರು ರೋಗಿಯೊಡನೆ ಕುಳಿತು ಮಾತನಾಡುತ್ತಾರೆ. ಅಗತ್ಯವಿದ್ದರೆ ವೈದ್ಯರು ಔಷಧ ಬರೆಯುತ್ತಾರೆ.

2016ರ ಮೇ ತಿಂಗಳಲ್ಲಿ ದೆಹಲಿಯ ವಲ್ಲಭಭಾಯಿ ಪಟೇಲ್ ಎದೆರೋಗ ಸಂಸ್ಥೆಯಲ್ಲಿ ರಾಷ್ಟ್ರೀಯ ಉಚಿತ ದೂರವಾಣಿ ಕೇಂದ್ರ ಶುರುವಾಯಿತು. ಸಂಖ್ಯೆ 1800-11-2356. 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್, ಮುಂಬಯಿಯ ಟಾಟಾ ಆಸ್ಪತ್ರೆ, ಗುವಾಹಟಿಯ ಕ್ಯಾನ್ಸರ್ ಸಂಸ್ಥೆಗಳಲ್ಲಿಯೂ ಕೇಂದ್ರಗಳು ತೆರೆದ ಮೇಲೆ ಕನ್ನಡದಲ್ಲಿ ಮಾತನಾಡುವ ಅನುಕೂಲವಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಿಂದ ತಂಬಾಕಿನ ಪ್ರತಿ ಪೊಟ್ಟಣದ ಮೇಲೂ ಈ ಸಂಖ್ಯೆಯನ್ನು ಅಚ್ಚು ಮಾಡುವುದು ಕಡ್ಡಾಯವಾಯಿತು. ಆದರೆ ಬಿಡಿ ಬೀಡಿ, ಬಿಡಿ ಸಿಗರೇಟು ಕೊಳ್ಳುವವನ ಕೈಗೆ ಪೊಟ್ಟಣವೇ ಬರುವುದಿಲ್ಲ. ಸಂತೆಯಲ್ಲಿ ತೂಕಕ್ಕೆ ಹೊಗೆಸೊಪ್ಪು ಕೊಳ್ಳುವ ಅಜ್ಜಿಗೂ ಬರುವುದಿಲ್ಲ. ಅಂಥವರಿಗೆ ಈ ಸಂಖ್ಯೆಯನ್ನು ತಲುಪಿಸುವುದೇ ವಿಸ್ತರಣಾ ಕಾರ್ಯಕರ್ತರ ಮೊದಲ ಕೆಲಸ.

ಕರೆ ಮಾಡಿದಾಗ ಬೈಗುಳವಾಗಲಿ ಉಪದೇಶವಾಗಲಿ ಇರುವುದಿಲ್ಲ. ಏನನ್ನು ಬಳಸುತ್ತೀರಿ, ಎಷ್ಟು ವರ್ಷದಿಂದ, ಬೆಳಿಗ್ಗೆ ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಬೇಕು, ಹಿಂದೆ ಬಿಡಲು ಯತ್ನಿಸಿದ್ದೀರಾ ಎಂಬಂಥ ಪ್ರಶ್ನೆಗಳಿರುತ್ತವೆ. ಎದ್ದ ಅರ್ಧ ಗಂಟೆಯೊಳಗೆ ಬೇಕೆನ್ನುವವರ ಚಟ ಗಟ್ಟಿಯಾದದ್ದೆಂದು ತಿಳಿಯಲಾಗುತ್ತದೆ. ನಂತರ ಬಿಡುವ ದಿನವನ್ನು ಗೊತ್ತುಮಾಡಿ, ಒಪ್ಪಿದವರಿಗೆ ಮುಂದಿನ ದಿನಗಳಲ್ಲಿ ಮರುಕರೆ ಮಾಡಲಾಗುತ್ತದೆ.

ಕಾನೂನಿನ ಬಲವೂ ಇದೆ. ಕರ್ನಾಟಕ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ವ್ಯಾಪಾರಿಗಳು ಪಾನ್ ಮಸಾಲ ಮತ್ತು ತಂಬಾಕಿನ ಎರಡು ಪೊಟ್ಟಣಗಳನ್ನು ಜೋಡಿಸಿ ಮಾರಲು ಹೊರಟದ್ದೂ ಎಲ್ಲರಿಗೂ ತಿಳಿದದ್ದೇ. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯಿದೆಯಂತೆ 21 ವರ್ಷದೊಳಗಿನವರಿಗೆ ತಂಬಾಕು ಮಾರುವಂತಿಲ್ಲ. ಇವು ಹೊಸಬರನ್ನು ತಡೆಯುತ್ತವೆ. ಹಳೆಯ ಚಟದವರಿಗೆ ಚಿಕಿತ್ಸೆಯೇ ಬೇಕು.

ನಿಕೋಟಿನ್ ಗಮ್ ಬಳಸುವ ಕ್ರಮ

ಬಿಡಿಸುವ ಔಷಧಗಳಲ್ಲಿ ಸಾಮಾನ್ಯವಾದದ್ದು ನಿಕೋಟಿನ್ ಇರುವ ಜಗಿಯುವ ಗಮ್. ಚಟ ಹಿಡಿಸಿದ್ದನ್ನೇ ಮತ್ತೆ ಕೊಡುವುದೇಕೆಂಬ ಸಂದೇಹ ಸಹಜ. ಇದರಲ್ಲಿ ಟಾರೂ ಇಲ್ಲ, ಹೊಗೆಯೂ ಇಲ್ಲ. ಅಲ್ಪ ಪ್ರಮಾಣದ ನಿಕೋಟಿನ್ ನಿಧಾನವಾಗಿ ಸೇರಿ ಸಿಡುಕನ್ನು ತಗ್ಗಿಸುತ್ತದೆ. ಕೆಲವು ವಾರಗಳ ನಂತರ ಹಂತಹಂತವಾಗಿ ಅದನ್ನೂ ಕಡಿಮೆ ಮಾಡಿ ನಿಲ್ಲಿಸಲಾಗುತ್ತದೆ. 2022ರಲ್ಲಿ ಭಾರತದ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಗೂ ಇದನ್ನು ಸೇರಿಸಲಾಗಿದೆ. 2 ಮತ್ತು 4 ಮಿಲಿಗ್ರಾಂ ಎಂದು ಎರಡು ಬಗೆ. ಗಟ್ಟಿ ಚಟದವರಿಗೆ ದೊಡ್ಡದು.

ಗಮ್ ಪ್ರಯೋಜನವಾಗಲಿಲ್ಲ ಎನ್ನುವವರಲ್ಲಿ ಅನೇಕರು ಅದನ್ನು ಮಿಠಾಯಿಯಂತೆ ಜಗಿದು ನುಂಗಿದವರು. ಹಾಗೆ ಮಾಡಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸು ಬರುತ್ತವೆ. ನಿಧಾನವಾಗಿ ಕೆಲವು ಸಾರಿ ಜಗಿದು, ಬಾಯಿ ಜುಮ್ಮೆಂದ ಕೂಡಲೇ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು. ಜುಮ್ಮೆನ್ನುವುದು ನಿಂತ ಮೇಲೆ ಮತ್ತೆ ಜಗಿಯಬೇಕು. ಹೀಗೆ ಅರ್ಧ ಗಂಟೆ. ಹೊಗೆಸೊಪ್ಪನ್ನು ದವಡೆಯಲ್ಲಿಟ್ಟು ಬಲ್ಲವರಿಗೆ ಇದನ್ನು ಕಲಿಸುವುದು ಸುಲಭ. ಗಮ್ ಹಾಕುವ ಕಾಲು ಗಂಟೆ ಮೊದಲಿನಿಂದ ಕಾಫಿ, ಟೀ, ಹುಳಿ ಪಾನಕ ಕುಡಿಯಬಾರದು. ಕುಡಿದರೆ ನಿಕೋಟಿನ್ ಬಾಯಿಯಲ್ಲಿ ಸೇರುವುದಿಲ್ಲ. ಸುಣ್ಣದ ವಿಷಯದಲ್ಲಿ ಹೇಳಿದ್ದರ ಇನ್ನೊಂದು ಮಗ್ಗುಲಿದು. ಬುಪ್ರೋಪಿಯಾನ್, ವರೆನಿಕ್ಲಿನ್ ಎಂಬ ಮಾತ್ರೆಗಳೂ ಇವೆ. ಅವನ್ನು ವೈದ್ಯರು ನೋಡಿಯೇ ಕೊಡಬೇಕು. ಮೂರ್ಛೆರೋಗ ಇರುವವರಿಗೆ ಬುಪ್ರೋಪಿಯಾನ್ ಕೂಡದು. ಗರ್ಭಿಣಿಯರು ಮತ್ತು ಹೃದ್ರೋಗಿಗಳು ಯಾವ ಔಷಧವನ್ನೂ ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಹಳ್ಳಿಯಲ್ಲಿ ಮಾಡಬಹುದಾದ ಕೆಲಸ

ಬಿಡುವ ದಿನವನ್ನು ಬೇಸಾಯದ ಕೆಲಸ ನೋಡಿ ಆರಿಸುವುದು ಒಳ್ಳೆಯದು. ಬ್ಯಾರನ್ ಉರಿ ಕಾಯುತ್ತಾ ರಾತ್ರಿಯೆಲ್ಲ ಎದ್ದಿರುವ ದಿನಗಳಲ್ಲಿ ಬೀಡಿಯೇ ಜೊತೆಗಾರ. ಆಗ ಬಿಡಲು ಹೊರಟರೆ ಸೋಲು ಖಂಡಿತ. ಮದುವೆ, ಜಾತ್ರೆಯ ವಾರವೂ ಬೇಡ. ರಾಗಿ ಒಕ್ಕಣೆ ಮುಗಿದು ಕೈ ಬಿಡುವಾದ ದಿನಗಳು ಅನುಕೂಲ. ಹಿಂದಿನ ರಾತ್ರಿ ಮನೆಯಲ್ಲಿರುವ ಬೀಡಿ ಕಟ್ಟು, ಬೆಂಕಿಪೊಟ್ಟಣ, ಹೊಗೆಸೊಪ್ಪಿನ ಸಂಚಿ ಎಲ್ಲವನ್ನೂ ತೆಗೆದುಹಾಕಬೇಕು. ಆಸೆ ಎದ್ದಾಗ ನೀರು ಕುಡಿಯುವುದು, ದೀರ್ಘವಾಗಿ ಉಸಿರೆಳೆಯುವುದು, ಐದು ನಿಮಿಷ ಮುಂದೂಡುವುದು, ಬೇರೆ ಕೆಲಸಕ್ಕೆ ಕೈಹಾಕುವುದು. ಬಾಯಿಗೆ ಸೋಂಪು, ಏಲಕ್ಕಿ, ಲವಂಗ ಆಗಬಹುದು. ಅಡಿಕೆ ಬೇಡ. ಅಡಿಕೆ ಬೆಳೆಗಾರರಿಗೆ ಈ ಮಾತು ಕಹಿಯಾದರೂ, ತಂಬಾಕಿಲ್ಲದ ಅಡಿಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ವರ್ಗೀಕರಿಸಿದೆ.

ಕೂಲಿಯಾಳುಗಳಿಗೆ ಕೆಲಸದ ನಡುವೆ ಬೀಡಿ, ಎಲೆಯಡಿಕೆ ಹಂಚುವ ವಾಡಿಕೆ ಇನ್ನೂ ಅನೇಕ ಕಡೆ ಇದೆ. ಅದೇ ಹಣಕ್ಕೆ ಮಜ್ಜಿಗೆಯನ್ನೋ ಕಡಲೆಕಾಯಿಯನ್ನೋ ಕೊಡಬಹುದು. ಬಿಡಲು ಯತ್ನಿಸುತ್ತಿರುವ ಒಬ್ಬ ಆಳು ಆ ಗುಂಪಿನಲ್ಲಿದ್ದರೆ ಅವನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಕ್ಯಾಲಿಫೋರ್ನಿಯಾದ ವೇಳಾಪಟ್ಟಿಯನ್ನು ಹಳ್ಳಿಯಲ್ಲಿ ಅನುಸರಿಸಲು ದೂರವಾಣಿಯೂ ಬೇಕಿಲ್ಲ. ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಯು ಸದಸ್ಯರನ್ನು ದಿನಕ್ಕೆ ಎರಡು ಬಾರಿ ಕಾಣುತ್ತಾರೆ. ಆಶಾ ಕಾರ್ಯಕರ್ತೆ ಮನೆಮನೆಗೆ ಹೋಗುತ್ತಾರೆ. ರೈತ ಸಂಪರ್ಕ ಕೇಂದ್ರಕ್ಕೆ ಬೀಜ ಗೊಬ್ಬರಕ್ಕೆಂದು ಜನ ಬರುತ್ತಾರೆ. ಯಾರು ಯಾವ ದಿನ ಬಿಟ್ಟರೆಂದು ಗುರುತು ಹಾಕಿಕೊಂಡು ಮಾರನೆಯ, ಮೂರನೆಯ, ಏಳನೆಯ, ಹದಿನಾಲ್ಕನೆಯ, ಮೂವತ್ತನೆಯ ದಿನ ವಿಚಾರಿಸಿದರೆ ಸಾಕು. ನಡುವೆ ಒಮ್ಮೆ ಸೇದಿದನೆಂದು ಕೇಳಿದರೆ ಹೀಯಾಳಿಸಬಾರದು. ನಾಟಿಯಲ್ಲಿ ನಾಲ್ಕು ಸಸಿ ಸತ್ತರೆ ಯಾರೂ ಗದ್ದೆಯನ್ನೇ ಉತ್ತುಹಾಕುವುದಿಲ್ಲ, ಆ ಜಾಗಕ್ಕೆ ಬೇರೆ ಸಸಿ ನೆಡುತ್ತಾರೆ. ಕ್ಷಯದ ಚಿಕಿತ್ಸೆಯಲ್ಲಿರುವವರನ್ನೂ ಬಸುರಿಯರನ್ನೂ ಮೊದಲು ಮಾತನಾಡಿಸಬೇಕು. ತಾಯಿಯ ಹೊಗೆಸೊಪ್ಪಿನಿಂದಲೂ ಕೂಸಿನ ತೂಕ ಕುಗ್ಗುತ್ತದೆ. ಹೆಂಗಸರು ಈ ಚಟವನ್ನು ಹೇಳಿಕೊಳ್ಳಲು ನಾಚುವುದರಿಂದ ಹೆಂಗಸರೇ ಕೇಳುವುದು ಲೇಸು.

ಬಹುಕಾಲ ಜಗಿದವರು ಬಿಟ್ಟ ಮೇಲೂ ತಿಂಗಳಿಗೊಮ್ಮೆ ಬೆಳಕಿನಲ್ಲಿ ಕನ್ನಡಿ ಹಿಡಿದು ಬಾಯಿಯನ್ನು ನೋಡಿಕೊಳ್ಳಬೇಕು. ಕೆನ್ನೆಯ ಒಳಗೆ, ನಾಲಗೆಯ ಅಂಚಿನಲ್ಲಿ ಅಥವಾ ಕೆಳಗೆ ಬಿಳಿಯ ಇಲ್ಲವೆ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು ಇದ್ದರೆ, ಅಥವಾ ಬಾಯಿ ತೆರೆದಾಗ ಮೂರು ಬೆರಳು ಒಂದರ ಮೇಲೊಂದು ಹಿಡಿಸದಿದ್ದರೆ, ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಗೆ ತೋರಿಸಬೇಕು. ನೋವಿಲ್ಲವೆಂದು ಕಾಯಬಾರದು, ಬಾಯಿಯ ಕ್ಯಾನ್ಸರಿನ ಆರಂಭದಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ.